ವಿಮಾನ ನಿಲ್ದಾಣದಲ್ಲಿ ಬಿಟ್ಟುಬಂದ ಕೊಕ್ಕೆ

ಹೈದರಾಬಾದ್, ತಪಾಸಣೆಯ ಸಾಲು

ವಿಮಾನ ಹತ್ತುವ ಮೊದಲೇ ನನ್ನ ಕೊಕ್ಕೆ ಹೋಯಿತು.

ಹಮಾಲರು ಅಕ್ಕಿ ಚೀಲ ಎಳೆದು ಬೆನ್ನಿಗೆ ಹಾಕಿಕೊಳ್ಳಲು ಬಳಸುವ ಕಬ್ಬಿಣದ ಕೊಕ್ಕೆ ಅದು. ಮರದ ಹಿಡಿ, ಬಾಗಿದ ಚೂಪು ತುದಿ. ಗಂಗಾವತಿಯ ಅಕ್ಕಿ ಮಿಲ್ಲಿಗೆ ಹಮಾಲನಾಗಿ ಸೇರಿದ ವರ್ಷದಿಂದ ಅದು ನನ್ನ ಹೆಗಲ ಚೀಲದ ತಳದಲ್ಲೇ ಇತ್ತು. ಆಮೇಲೆ ನನ್ನನ್ನು ಯಂತ್ರದ ಕೆಲಸಕ್ಕೆ ಹಾಕಿದರು, ಚೀಲ ಹೊರುವುದು ನಿಂತಿತು, ಕೊಕ್ಕೆ ಮಾತ್ರ ಅಲ್ಲೇ ಉಳಿಯಿತು. ಥಾಯ್ಲೆಂಡಿಗೆ ಹೊರಡುವಾಗ ಟವೆಲ್ಲು, ಮಾತ್ರೆ, ಓದುವ ಕನ್ನಡಕ ಎಲ್ಲವನ್ನೂ ಅದೇ ಚೀಲಕ್ಕೆ ತುರುಕಿದೆ. ಒಳಗೆ ಕೊಕ್ಕೆ ಇರುವುದು ನೆನಪೇ ಇರಲಿಲ್ಲ.

ತಪಾಸಣೆಯ ಹೆಣ್ಣುಮಗಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದೇನು ಎಂದು ಹಿಂದಿಯಲ್ಲಿ ಕೇಳಿದಳು. ಹಿಂದೆ ನಿಂತಿದ್ದ ನಮ್ಮ ಸಾಹುಕಾರರು, ಅಂದರೆ ಮಿಲ್ಲಿನ ಮಾಲೀಕರು, ಬೆಲ್ಟು ಬಿಚ್ಚಿಸಿದ್ದರಿಂದ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡಿದ್ದರು.

“ಏನಲೇ ಯಮನೂರ ಅದು?”

“ಕೊಕ್ಕಿ ರೀ.”

“ಕೊಕ್ಕಿ ಅನ್ನೂದು ನನಗೂ ಕಾಣತೈತಿ. ವಿಮಾನದಾಗ ಯಾವ ಲಾರಿ ಖಾಲಿ ಮಾಡಾಕ ಹೊಂಟಿದ್ದಿ?”

ದೊಡ್ಡ ಬ್ಯಾಗಿನಲ್ಲಿ ಹಾಕಿದ್ದರೆ ಹೋಗುತ್ತಿತ್ತಂತೆ. ದೊಡ್ಡ ಬ್ಯಾಗು ಆಗಲೇ ಉರುಳುವ ಪಟ್ಟಿಯ ಮೇಲೆ ಕೂತು ಒಳಗೆ ಹೋಗಿಬಿಟ್ಟಿತ್ತು. ಹೆಣ್ಣುಮಗಳು ಒಂದು ಡಬ್ಬಿ ತೋರಿಸಿದಳು. ಕತ್ತರಿ, ಲೈಟರು, ಯಾರದೋ ಉಪ್ಪಿನಕಾಯಿ ಬಾಟಲಿಯ ಪಕ್ಕ ನನ್ನ ಕೊಕ್ಕೆಯನ್ನು ಇಟ್ಟೆ.

“ಊರಿಗೆ ಹೋಗಿ ಹತ್ತು ಮಾಡಸ್ಕೋ, ಈಗ ನಡಿ,” ಎಂದರು ಸಾಹುಕಾರರು.

ಹತ್ತು ಮಾಡಿಸಬಹುದು. ಆದರೆ ನಮ್ಮ ಮಿಲ್ಲಿನಲ್ಲಿ ಕೊಕ್ಕೆ ಬರೀ ಕಬ್ಬಿಣವಲ್ಲ. ಹೊಸಬನೊಬ್ಬ ಗ್ಯಾಂಗಿಗೆ ಸೇರಬೇಕಾದರೆ ಅರ್ಜಿ ಬೇಡ, ಕಾಗದ ಬೇಡ. ಅವನನ್ನು ಕರೆತಂದವನು ತೂಕದ ಕಾಟಾದ ಮುಂದೆ, ಎಲ್ಲ ಹಮಾಲರೂ ನೋಡುವಂತೆ, ತನ್ನ ಕೊಕ್ಕೆಯನ್ನು ಅವನ ಕೈಗೆ ಕೊಡಬೇಕು. ಒಂದು ಸುಗ್ಗಿ ಹೊಸಬ ಅದರಲ್ಲೇ ದುಡಿಯುತ್ತಾನೆ. ಅವನು ತಪ್ಪು ಮಾಡಿದರೆ ಮಾತು ಕೇಳುವವನು ಕೊಕ್ಕೆಯ ಒಡೆಯ. ನನಗೆ ಹಾಗೆ ಕೊಕ್ಕೆ ಕೊಟ್ಟವರು ಮರಳಿ ಊರಿನ ನಮ್ಮ ಸೋದರಮಾವ. ಸುಗ್ಗಿ ಮುಗಿದ ಮೇಲೆ ಅವರದನ್ನು ಅವರಿಗೆ ಕೊಟ್ಟು ನನ್ನದನ್ನು ಮಾಡಿಸಿಕೊಂಡೆ. ಅದನ್ನು ನಾನು ಇದುವರೆಗೆ ಯಾರಿಗೂ ಕೊಟ್ಟಿಲ್ಲ. ಒಬ್ಬನೇ ಒಬ್ಬ ಕೇಳಿದ್ದ. ನನ್ನ ತಮ್ಮ ಗವಿಸಿದ್ದ.

ಗವಿ ಕೊಪ್ಪಳದ ಜೈಲಿನಲ್ಲಿದ್ದ. ನಾವು ಥಾಯ್ಲೆಂಡಿನಿಂದ ಮರಳಿದ ಮಾರನೆಯ ದಿನ ಅವನ ಬಿಡುಗಡೆ.

ಅದಕ್ಕೂ ಮೊದಲು, ಗಂಗಾವತಿ

ನಾನು ಓದಿದ್ದು ಏಳನೆಯ ತರಗತಿ. ವಿದೇಶಕ್ಕೆ ಹೋಗುವ ಹಣೆಬರಹ ನನ್ನದಲ್ಲ. ಸಾಹುಕಾರರು ಬಣ್ಣ ನೋಡಿ ಅಕ್ಕಿ ಆರಿಸುವ ಹೊಸ ಯಂತ್ರ ಕೊಂಡರು. ಅದನ್ನು ನಡೆಸುವುದನ್ನು ಕಲಿಸಲು ಮಾರಿದವರೇ ಮಾಲೀಕರನ್ನೂ ಒಬ್ಬ ಕೆಲಸಗಾರನನ್ನೂ ಥಾಯ್ಲೆಂಡಿನ ಒಂದು ಮಿಲ್ಲಿಗೆ ಕರೆದಿದ್ದರು. ಯಂತ್ರಕ್ಕೆ ಇಬ್ಬರು ಬೇಕು, ಹಗಲಿಗೊಬ್ಬ ರಾತ್ರಿಗೊಬ್ಬ. “ಎರಡನೇದಾಂವ ಯಾರು ಅಂತ ನೀನ ಹೇಳು. ವಾಪಸ್ ಬರೂದ್ರಾಗ ಹೆಸರು ಬೇಕು ನನಗ,” ಎಂದಿದ್ದರು ಸಾಹುಕಾರರು.

ಪಾಸ್‌ಪೋರ್ಟಿಗೆ ಪೊಲೀಸರ ವಿಚಾರಣೆ ಇರುತ್ತದೆ. ನನ್ನ ಹೆಸರು ಓದಿದ ಹವಾಲ್ದಾರರು ತಲೆ ಎತ್ತಿದರು.

“ನೀ ಗವಿಸಿದ್ದನ ಅಣ್ಣ ಅಲ್ಲೇನು?”

“ಹೌದ್ರಿ.”

“ಅವನ ಜೋಡಿ ಹೋಗೂದು ಬರೂದು ಐತೇನು?”

“ಇಲ್ರಿ. ಅವನಿಗೂ ನಮಗೂ ಸಂಬಂಧನ ಇಲ್ರಿ.”

ಅವರು ಕೇಳಿದ್ದು ಒಂದು, ನಾನು ಕೊಟ್ಟದ್ದು ಎರಡು ಉತ್ತರ. ಎರಡನೆಯದನ್ನು ಅವರು ಬರೆದುಕೊಳ್ಳಲೂ ಇಲ್ಲ.

ಗವಿಯ ಮೊದಲ ಕಳವು ಕಾಲುವೆ ದಂಡೆಯ ಮೋಟಾರಿನ ಕೇಬಲ್ಲು. ಒಳಗಿನ ತಾಮ್ರವನ್ನು ಗುಜರಿ ಅಂಗಡಿಗೆ ಹಾಕಿ ಅವನಿಗೆ ಸಿಕ್ಕದ್ದು ಎರಡು ದಿನದ ಕೂಲಿಯಷ್ಟು. ಕೇಬಲ್ಲು ಕಳೆದುಕೊಂಡ ಶ್ರೀರಾಮನಗರದ ರೈತನ ಭತ್ತ ಹಾಲು ತುಂಬುವ ಹೊತ್ತಿಗೆ ನೀರಿಲ್ಲದೆ ಜೊಳ್ಳಾಯಿತು. ಗವಿ ಎಂಟು ತಿಂಗಳು ಒಳಗೆ ಹೋದ. ಒಬ್ಬನಿಗೆ ಎರಡು ದಿನದ ಕೂಲಿ ಸಿಗಲು ಇನ್ನೊಬ್ಬನ ಬೆಳೆ ಹೋಯಿತು, ನಮ್ಮ ಅವ್ವನ ಮಾನ ಹೋಯಿತು. ಇಷ್ಟು ದಡ್ಡ ವ್ಯಾಪಾರವನ್ನು ನಾನು ಎಲ್ಲೂ ಕಂಡಿಲ್ಲ. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ಆ ಸಲ ಜೈಲಿಗೆ ಒಮ್ಮೆ ಹೋಗಿ ಬೈದಿದ್ದೆ. “ಎಷ್ಟು ವರ್ಷ ಬೀಳತೈತಿ ಅಂತ ಒಂದು ಲೆಕ್ಕಾನೂ ಹಾಕಲಿಲ್ಲೇನಲೇ?”

“ವರ್ಷದ ಲೆಕ್ಕಾ ಯಾರು ಹಾಕತಾರಣ್ಣ? ಸಿಗಂಗಿಲ್ಲ ಅಂತ ಹೋಗಿದ್ದೆ. ಸಿಗತೀನಿ ಅಂತ ಗೊತ್ತಿದ್ರ ಒಂದ ದಿನದ ಜೈಲಿದ್ರೂ ಕಳವಿಗೆ ಹೋಗ್ತಿರಲಿಲ್ಲ,” ಎಂದಿದ್ದ.

ಬಿಡುಗಡೆಯ ದಿನ ನಾನು ಹೋಗಲಿಲ್ಲ. ಮಿಲ್ಲಿನಲ್ಲಿ ಕೆಲಸವಿತ್ತು ಎಂದು ಅವ್ವನಿಗೆ ಹೇಳಿದೆ. ಗೇಟಿಗೆ ಬಂದವನು ಗುಜರಿ ಅಂಗಡಿಯವನು. ಬೈಕಿನಲ್ಲಿ ಕೂಡಿಸಿಕೊಂಡು ಊಟ ಹಾಕಿಸಿ ಮನೆಗೆ ಬಿಟ್ಟ. ಗವಿ ಗಿಣಿಗೇರಾ ಕಡೆ ಕಾರ್ಖಾನೆಗೆ ಆಳು ಕಳಿಸುವ ಗುತ್ತಿಗೆದಾರರ ಹತ್ತಿರ ಹೋದ. ಠಾಣೆಯಿಂದ ನಡತೆಯ ಕಾಗದ ತಾ ಎಂದರು. ಕುಷ್ಟಗಿ ಕಡೆ ಕಲ್ಲು ಕ್ವಾರಿಗೆ ಹೋದ. ಎಲ್ಲೇ ಒಂದು ಮೋಟಾರು ಕಳವಾದರೂ ಅವನಿಗೆ ಠಾಣೆಯಿಂದ ಕರೆ, ಹೋದ ದಿನದ ಕೂಲಿ ಇಲ್ಲ. ಮೂರನೆಯ ಸಲ ಹೋಗಿ ಬಂದಾಗ ಮೇಸ್ತ್ರಿ, ನಾಳೆಯಿಂದ ಬರಬೇಡ ಎಂದ. ಆಗ ಗವಿ ನನ್ನ ಹತ್ತಿರ ಬಂದ. “ಅಣ್ಣ, ನಿನ್ನ ಕೊಕ್ಕಿ ಕೊಡು.”

ಸಾಹುಕಾರರನ್ನು ಕೇಳಿ ಹೇಳುತ್ತೇನೆ ಎಂದೆ. ಎರಡು ದಿನ ಬಿಟ್ಟು, ಅವರು ಬೇಡ ಎಂದರು ಎಂದು ಹೇಳಿದೆ. ತಿಂಗಳೊಳಗೆ ನಮ್ಮ ಮಿಲ್ಲಿನ ಹಿಂದಿನ ಶೆಡ್ಡಿನಿಂದಲೇ ಮೋಟಾರು ಹೋಯಿತು. ಗವಿ ಮತ್ತೆ ಒಳಗೆ, ಈ ಸಲ ಹದಿನಾಲ್ಕು ತಿಂಗಳು.

ಬ್ಯಾಂಕಾಕ್

ಹಾರಾಟದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಕಿವಿ ಮುಚ್ಚಿಕೊಂಡವು, ಅಷ್ಟೇ. ಇಳಿದ ಮೇಲೆ ಶುರುವಾಯಿತು ನಮ್ಮ ಫಜೀತಿ.

ಸಾಹುಕಾರರು ಸಸ್ಯಾಹಾರಿ. ಮನೆಯಿಂದ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಂದಿದ್ದರು. ಬ್ಯಾಗು ಬಿಚ್ಚಿದಾಗ ರೊಟ್ಟಿಯೆಲ್ಲ ಪುಡಿಯಾಗಿ ಬಟ್ಟೆಗಳ ಮಡಿಕೆಯೊಳಗೆ ಸೇರಿಕೊಂಡಿತ್ತು. ಅಂಗಿ ಕೊಡವಿದರೆ ಜೋಳದ ಹಿಟ್ಟು ಉದುರುತ್ತಿತ್ತು. ಅದನ್ನು ಒಂದು ಬಟ್ಟಲಿಗೆ ಕೂಡಿಸಿ ಚಮಚದಲ್ಲಿ ತಿಂದರು, ನನ್ನ ಕಡೆ ನೋಡುತ್ತ, ನಾನೇ ಪುಡಿ ಮಾಡಿದ ಹಾಗೆ.

ನಮ್ಮನ್ನು ಕರೆದುಕೊಂಡು ಹೋಗಲು ಬಂದವನು ಯಂತ್ರದವರ ಕಡೆಯ ಸುಬ್ಬಾರಾವು. ಹುಟ್ಟಿದ್ದು ಆಂಧ್ರ, ಬೆಳೆದದ್ದು ಗಂಗಾವತಿ ಪಕ್ಕದ ಶ್ರೀರಾಮನಗರ, ಇಲ್ಲಿಗೆ ಬಂದು ಹದಿನೈದು ವರ್ಷ. ಥಾಯ್ ಭಾಷೆಯನ್ನು ನೀರು ಕುಡಿದಂತೆ ಆಡುತ್ತಿದ್ದ. ಕನ್ನಡ ಕೇಳಿದರೆ ನಮ್ಮ ಕಾಲುವೆ ಕಡೆಯದೇ.

“ಸುಬ್ಬಾರಾವು, ಇವರು ಸಾರಿಗೆ ಮೀನಿನ ನೀರು ಯಾಕ ಹಾಕತಾರ?” ಎಂದು ಸಾಹುಕಾರರು ಕೇಳಿದರು.

“ಉಪ್ಪಿನ ಬದಲು ಅದೇ ರೀ ಅವರಿಗೆ.”

“ಉಪ್ಪ ಇಲ್ಲೇನು ದೇಶದಾಗ?”

“ಐತ್ರಿ. ಹಣ್ಣಿಗೆ ಹಚ್ಕೊಂಡು ತಿಂತಾರ.”

ಅಂದಿನಿಂದ ಸಾಹುಕಾರರು ಬಾಳೆಹಣ್ಣಿನ ಮೇಲೆ ದಿನ ದೂಡಿದರು. ನನಗೆ ಅಂಥ ತೊಂದರೆ ಇರಲಿಲ್ಲ. ಆದರೆ ಅವರು ಉಪವಾಸ ಇರುವಾಗ ಎದುರಿಗೆ ಕೂತು ತಿನ್ನುವುದೂ ಒಂದು ಶಿಕ್ಷೆಯೇ.

ನಖೋನ್ ಸವನ್, ಮೊದಲ ದಿನ

ಬ್ಯಾಂಕಾಕಿನಿಂದ ಉತ್ತರಕ್ಕೆ ಹೋದರೆ ರಸ್ತೆಯ ಎರಡೂ ಕಡೆ ಭತ್ತ. ಸಾಹುಕಾರರ ಮುಖದಲ್ಲಿ ಆಗ ಸ್ವಲ್ಪ ಕಳೆ ಬಂತು. “ಗಂಗಾವತಿನ ಐತಿ ನೋಡು. ಬೋರ್ಡ್ ಅಷ್ಟ ಬ್ಯಾರೆ,” ಎಂದರು. ಬೋರ್ಡು ಒಂದೇ ಅಲ್ಲ. ಪ್ರತಿ ಮನೆಯ ಅಂಗಳದಲ್ಲಿ ಕಂಬದ ಮೇಲೆ ಪುಟ್ಟ ಗುಡಿ, ಅದರ ಮುಂದೆ ದೇವರಿಗೆ ಕೆಂಪು ಬಣ್ಣದ ಸೋಡಾ ಬಾಟಲಿ, ಕುಡಿಯಲು ನಳಿಗೆ ಸಮೇತ. ಮಿಲ್ಲಿನ ಯಂತ್ರದ ಕೋಣೆಗೂ ಚಪ್ಪಲಿ, ಬೂಟು ಹೊರಗೆ ಬಿಟ್ಟು ಹೋಗಬೇಕು. ನನ್ನ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿದೆ ಎಂದು ನನಗೆ ತಿಳಿದದ್ದು ಹತ್ತು ಜನರ ಮುಂದೆ.

ನನಗೆ ಕಲಿಸಲು ನಿಂತವನ ಹೆಸರು ಲೆಕ್. ನನಗಿಂತ ಹತ್ತು ವರ್ಷ ಚಿಕ್ಕವನಿರಬೇಕು, ತೆಳ್ಳಗೆ, ಸದಾ ಉದ್ದ ತೋಳಿನ ಅಂಗಿ. ಮೊದಲ ಗಂಟೆಯಲ್ಲೇ ನನ್ನನ್ನು “ಪೀ, ಪೀ” ಎಂದು ಕರೆಯತೊಡಗಿದ. ಏನದು ಎಂದು ಸುಬ್ಬಾರಾವನನ್ನು ಕೇಳಿದೆ.

“ಅಣ್ಣ ಅಂತ ರೀ. ಇಲ್ಲಿ ದೊಡ್ಡವರನ್ನ ಹಂಗ ಕರೀತಾರ.”

ಆಮೇಲೆ ಪ್ರತಿ ಸಲ ಅವನು ಕರೆದಾಗಲೂ ನಾನು ಥಟ್ಟನೆ ತಿರುಗುತ್ತಿದ್ದೆ. ನನ್ನನ್ನು ಅಣ್ಣ ಎನ್ನುವವನು ಊರಲ್ಲಿ ಒಬ್ಬನೇ ಇದ್ದ. ಅವನು ಕರೆದೂ ವರ್ಷದ ಮೇಲಾಗಿತ್ತು.

ಲೆಕ್ ತಾಳ್ಮೆಯ ಮನುಷ್ಯ. ನಮ್ಮೂರಲ್ಲಿ ಕಲಿಸುವುದು ಎಂದರೆ ಬೈಯುವುದು. ಇವನು ನಾನು ಗುಂಡಿ ತಪ್ಪು ಒತ್ತಿದರೆ ನಕ್ಕು, ನನ್ನ ಬೆರಳನ್ನೇ ಹಿಡಿದು ಸರಿಯಾದ ಕಡೆ ಇಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ಹೋಗುವಾಗ ಪಾಸ್‌ಪೋರ್ಟು, ದುಡ್ಡು ಎಲ್ಲ ಇದ್ದ ನನ್ನ ಚೀಲವನ್ನು ಅವನ ಕೋಣೆಯಲ್ಲೇ ಬಿಟ್ಟು ಹೋದೆ. ಅಲ್ಲಿನ ಹಮಾಲರ ಕೈಯಲ್ಲೂ ಕೊಕ್ಕೆ ಕಂಡು, ನನ್ನದು ಹೋದ ಕಥೆಯನ್ನು ಕೈಸನ್ನೆಯಲ್ಲಿ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಎರಡನೆಯ ದಿನ

ಈ ಯಂತ್ರದಲ್ಲಿ ಅಕ್ಕಿ ಮಳೆಯಂತೆ ಮೇಲಿನಿಂದ ಬೀಳುತ್ತದೆ. ಕ್ಯಾಮೆರಾ ಪ್ರತಿ ಕಾಳನ್ನೂ ನೋಡುತ್ತದೆ. ಕರಿ ಕಾಳು ಕಂಡ ತಕ್ಷಣ ಗಾಳಿ ಹೊಡೆದು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತೊಂದರೆ ಏನೆಂದರೆ, ಒಂದು ಕರಿ ಕಾಳನ್ನು ಹೊಡೆಯಲು ಹೋಗಿ ಗಾಳಿ ಅದರ ಅಕ್ಕಪಕ್ಕದ ಎರಡು ಮೂರು ಬಿಳಿ ಕಾಳನ್ನೂ ಹೊಡೆಯುತ್ತದೆ. ಆದ್ದರಿಂದ ತಳ್ಳಿದ ಅಕ್ಕಿಯನ್ನು ಮತ್ತೆ ಮೇಲಕ್ಕೆ ಹಾಕಿ ಎರಡನೆಯ ಸಲ ಇಳಿಸಬೇಕು. ಅದರ ಹದ ಹೇಗೆ ಎಂದು ಲೆಕ್ ಅರ್ಧ ದಿನ ಕಲಿಸಿದ.

ಸಾಹುಕಾರರಿಗೆ ಅದು ಬಹಳ ಹಿಡಿಸಿತು. “ಹೊರಗ ಬಿದ್ದದ್ದನ್ನ ಹಂಗ ಬಿಟ್ಟರ ಮಿಲ್ಲು ನಡೀತೈತೇನು?” ಎಂದು ತಳ್ಳಿದ ಅಕ್ಕಿಯನ್ನು ಅಂಗೈಯಲ್ಲಿ ಹರಡಿಕೊಂಡು ಬಿಳಿ ಕಾಳುಗಳನ್ನು ಹೆಕ್ಕತೊಡಗಿದರು.

ಅದೇ ಸಂಜೆ ಚಹಾ ಕುಡಿಯುವಾಗ ಅವರಿಗೆ ತಮ್ಮ ಕಳವಾದ ಮೋಟಾರು ನೆನಪಾಯಿತು. ಈ ಪ್ರವಾಸದಲ್ಲಿ ಅದು ಆರನೆಯ ಸಲವೋ ಏಳನೆಯ ಸಲವೋ.

“ಜೈಲಿನಾಗ ಕುಂತ್ರ ಊಟ ತಪ್ಪಂಗಿಲ್ಲ. ಹೊರಗ ಚೀಲಾ ಹೊರೋ ಹಮಾಲಗ ಆ ಗ್ಯಾರಂಟಿ ಐತೇನು? ಹತ್ತು ವರ್ಷ ಒಳಗ ಹಾಕಬೇಕು, ಆಗ ಅಂಜತಾರ. ನಿನ್ನ ತಮ್ಮಗ ನಾ ಏನು ಕೆಟ್ಟದ್ದು ಮಾಡಿದ್ದೆ ಹೇಳು. ಯಾರ ಮನ್ಯಾಗ ಅಣ್ಣ ಅನ್ನಾ ತಿಂತಾನ, ಅದ ಮನಿಗೆ ಕನ್ನಾ ಹಾಕಿದ.”

“ಹೌದ್ರಿ,” ಎಂದೆ.

ಇಲ್ಲಿ ಬರೆಯಲೇಬೇಕು. ಸಾಹುಕಾರರು ಗವಿಯನ್ನು ಬೇಡ ಎಂದಿರಲಿಲ್ಲ. ನಾನು ಕೇಳಿದಾಗ ಅವರು ಅಂದದ್ದು ಇಷ್ಟೇ: “ನಿನ್ನ ಕೊಕ್ಕಿ ಕೊಡತಿಯೇನು? ಕೊಡೂದಾದ್ರ ನನ್ನ ತಕರಾರಿಲ್ಲ.” ಬೇಡ ಎಂದವನು ನಾನು. “ಬ್ಯಾಡ ಬಿಡ್ರಿ ಸಾಹುಕಾರ್ರ, ಅವನ ನಂಬಿಗಿ ಇಲ್ಲ,” ಎಂದೆ. ಗ್ಯಾಂಗಿನವರು ಕಾಟಾದ ಮುಂದೆ ನಿಂತು ನನ್ನ ಮುಖ ನೋಡುವುದು ನೆನೆದೇ ನಾನು ಹಿಂದೆ ಸರಿದಿದ್ದೆ. ಮನೆಗೆ ಹೋಗಿ ತಮ್ಮನಿಗೆ ಸಾಹುಕಾರರ ಹೆಸರು ಹೇಳಿದೆ. ಅವನು ಸಿಟ್ಟಿನಲ್ಲಿ ಅವರ ಮೋಟಾರನ್ನೇ ಆರಿಸಿಕೊಂಡ. ಕೋರ್ಟಿನಲ್ಲಿ ಅವರು ಅವನನ್ನು ನೋಡುತ್ತಿದ್ದರು, ಅವನು ಅವರನ್ನು ನೋಡುತ್ತಿದ್ದ. ಇಬ್ಬರದೂ ನಿಜ ತಿಳಿಯದ ಹಗೆ. ಗೊತ್ತಿದ್ದವನು ಹಿಂದಿನ ಬೆಂಚಿನಲ್ಲಿ ಕೂತಿದ್ದ.

ಮೂರನೆಯ ದಿನ, ಕುರ್ಚಿಯ ಅಂಗಡಿ

ಮನೆಗೆ ಏನಾದರೂ ಒಯ್ಯಬೇಕು ಎಂದದ್ದಕ್ಕೆ ಸುಬ್ಬಾರಾವು ನಮ್ಮನ್ನು ಮರದ ಸಾಮಾನಿನ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದ. ಲೆಕ್ ಕೂಡ ಬಂದಿದ್ದ. ಕೆತ್ತನೆಯ ಪೆಟ್ಟಿಗೆ, ಲಟ್ಟಣಿಗೆ, ತೂಗುಕುರ್ಚಿ, ಎಲ್ಲ ಗಟ್ಟಿಮುಟ್ಟು. ಸಾಹುಕಾರರು ಒಂದು ಕುರ್ಚಿಯಲ್ಲಿ ಕೂತು ತೂಗಿ, “ಛಲೋ ಐತಿ. ಯಾರ ಕೈಗೆಲಸ?” ಎಂದರು.

“ಜೈಲಿನವರದು ರೀ. ಇದು ಜೈಲಿನ ಅಂಗಡಿ,” ಎಂದ ಸುಬ್ಬಾರಾವು.

ಲೆಕ್ ಏನೋ ಹೇಳಿ ಕುರ್ಚಿಯ ಕಾಲಿನ ಜೋಡಣೆಯನ್ನು ತೋರಿಸಿದ. ಸುಬ್ಬಾರಾವು ನಮಗೆ ಹೇಳಿದ: “ಇಂಥವು ಭಾಳ ಮಾಡ್ಯಾನಂತ್ರಿ ಇವನು. ಒಳಗಿದ್ದಾಗ.”

ಸಾಹುಕಾರರು ತೂಗುವುದನ್ನು ನಿಲ್ಲಿಸಿದರು. ಅವರ ಕೈ ಜೇಬಿಗೆ ಹೋಯಿತು. ನನ್ನ ಕೈಯೂ ಸುಮ್ಮನಿರಲಿಲ್ಲ. ಬಲ ಹೆಗಲಿನ ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡೆ. ಲೆಕ್ ನನ್ನ ಬಲಕ್ಕೆ ನಿಂತಿದ್ದ. ಅವನು ನೋಡಿದ. ನೋಡದವನಂತೆ ಕುರ್ಚಿಯ ಧೂಳು ಒರೆಸಿದ. ಮೂರು ದಿನ ಅದೇ ಚೀಲ ಅವನ ಕೋಣೆಯಲ್ಲಿ ಬಿದ್ದಿತ್ತು, ಒಂದು ಮಾತ್ರೆಯೂ ಕಡಿಮೆಯಾಗಿರಲಿಲ್ಲ. ನನ್ನ ಮೇಲೆ ನನಗೇ ಬಂದ ಬೇಸರವನ್ನು ಹೇಗೆ ಬರೆಯಲಿ. ಸಾವಿರಾರು ಮೈಲು ಹಾರಿ ಬಂದು ಇಲ್ಲೂ ಅದೇ ಕೆಲಸ ಮಾಡಿದ್ದೆ.

ಸಾಹುಕಾರರಿಗೆ ಸಂಕೋಚ ಕಡಿಮೆ. “ಎಷ್ಟು ಸಲ ಹೋಗಿದ್ನಂತ ಕೇಳು.”

“ಎರಡು ಸಲ ಅಂತ್ರಿ.”

“ಒಮ್ಮೆ ಉಂಡ ಮ್ಯಾಲ ಬುದ್ಧಿ ಬರಲಿಲ್ಲೇನು?”

ಲೆಕ್ ಯೋಚಿಸಿ, ನಿಧಾನವಾಗಿ ಹೇಳಿದ. ಸುಬ್ಬಾರಾವು ತುಂಡು ತುಂಡಾಗಿ ಅವನ ಮಾತಲ್ಲೇ ನಮಗೆ ದಾಟಿಸಿದ: ಮೊದಲ ಸಲ ಬಿಟ್ಟಾಗ ಗೇಟಿನ ಹೊರಗೆ ನಿಂತಿದ್ದವರು ಹಳೆಯ ಗೆಳೆಯರು ಮಾತ್ರ. ಅವರ ಗಾಡಿ ಹತ್ತಿದೆ. ಕೆಲಸ ಕೇಳಿದ ಕಡೆಯೆಲ್ಲ ನಿನ್ನನ್ನು ಬಲ್ಲವರು ಯಾರು ಎಂದು ಕೇಳಿದರು. ಕಳ್ಳತನಕ್ಕೆ ಕರೆದವರು ಹಾಗೆ ಕೇಳಲಿಲ್ಲ, ನನ್ನನ್ನು ಅವರು ಬಲ್ಲರು. ಎರಡನೆಯ ಸಲ ಬಿಟ್ಟಾಗ ಗೇಟಿನ ಮುಂದೆ ಈ ಮಿಲ್ಲಿನ ಮಾಲೀಕರ ಗಾಡಿ ನಿಂತಿತ್ತು. ಒಳಗೆ ಯಂತ್ರದ ಕೆಲಸ ಕಲಿತವರು ಬೇಕೆಂದು ಬಂದಿದ್ದರು. ಅಷ್ಟೇ ವ್ಯತ್ಯಾಸ. ನಾನು ಎರಡು ಸಲವೂ ಒಂದೇ ಮನುಷ್ಯ.

“ಮಾಲೀಕಗ ಏನು ಪುಣ್ಯಾ ಬೇಕಾಗಿತ್ತೋ?” ಎಂದರು ಸಾಹುಕಾರರು.

ಸುಬ್ಬಾರಾವು ನಕ್ಕ. “ಪುಣ್ಯಾ ಅಲ್ರಿ. ಬ್ಯಾರೆ ಆಪರೇಟರ್‌ಗಳು ಕಲಿತು ಆರು ತಿಂಗಳಿಗೆ ಮತ್ತೊಂದು ಮಿಲ್ಲಿಗೆ ಓಡ್ತಾರ. ಇವರು ಓಡಂಗಿಲ್ಲ. ಹೊರಗ ಯಾರೂ ತಗೊಳ್ಳಂಗಿಲ್ಲಲ್ರಿ. ಭಾಳ ಶಾಣ್ಯಾ ಮನಷ್ಯಾ ಆ ಮಾಲೀಕ.”

ಸಾಹುಕಾರರು ಮತ್ತೆ ಕುರ್ಚಿ ತೂಗತೊಡಗಿದರು. ಆದರೆ ಅವರು ಒಳಗೇ ಏನನ್ನೋ ತೂಗುತ್ತಿದ್ದಾರೆಂದು ನನಗೆ ಗೊತ್ತಾಯಿತು. ಇಪ್ಪತ್ತೆರಡು ವರ್ಷ ನೋಡಿದ ಮುಖ.

ಹೊರಡುವ ಮುಂಜಾನೆ ಲೆಕ್ ಬಂದು, ಕಾಗದದಲ್ಲಿ ಸುತ್ತಿದ ಏನನ್ನೋ ನನ್ನ ಕೈಗಿಟ್ಟ. ಬಿಚ್ಚಿದರೆ ಕೊಕ್ಕೆ. ಹಳೆಯದು, ಬಿದಿರಿನ ಹಿಡಿ ಬೆವರಿಗೆ ಕಪ್ಪಾಗಿತ್ತು. ಇದೇ ಮಿಲ್ಲಿಗೆ ಸೇರಿದ ಹೊಸದರಲ್ಲಿ, ಯಂತ್ರಕ್ಕೆ ಹಾಕುವ ಮೊದಲು, ಚೀಲ ಹೊರುತ್ತಿದ್ದಾಗಿನದಂತೆ. ನಾನು ಅದನ್ನು ಹೆಗಲ ಚೀಲಕ್ಕೆ ಹಾಕಿಕೊಂಡೆ. “ಪೀ,” ಎಂದು ಅವನು ವಿಮಾನದ ಹಾಗೆ ಕೈ ಹಾರಿಸಿ, ಬೆರಳು ಆಡಿಸಿ ಬೇಡ ಎಂದ. ನನ್ನ ಚೀಲದಿಂದ ಅದನ್ನು ತೆಗೆದು ತಾನೇ ದೊಡ್ಡ ಬ್ಯಾಗಿನೊಳಗೆ ಹಾಕಿದ. ಅವನು ನನ್ನ ಚೀಲಕ್ಕೆ ಕೈ ಹಾಕುವಾಗ ಈ ಸಲ ನಾನು ಸುಮ್ಮನೆ ನಿಂತಿದ್ದೆ.

ವಾಪಸ್, ನಿಂತ ರಸ್ತೆಯಲ್ಲಿ

ಬ್ಯಾಂಕಾಕಿನ ಹೊರಗೆ ವಾಹನಗಳು ನಿಂತವೆಂದರೆ ನಿಂತವು. ಎರಡು ಗಂಟೆ ನಾವು ಒಂದೇ ಜಾಹೀರಾತಿನ ಬೋರ್ಡನ್ನು ನೋಡುತ್ತ ಕೂತೆವು. ಯಾರೂ ಹಾರ್ನ್ ಹೊಡೆಯುವುದಿಲ್ಲ. ಅದೂ ಒಂದು ಹಿಂಸೆ. ನಮ್ಮಲ್ಲಾದರೆ ಹಾರ್ನ್ ಹೊಡೆದಾದರೂ ಸಮಾಧಾನ. ವಿಮಾನ ತಪ್ಪಿದರೆ ಮರುದಿನ ಕೊಪ್ಪಳ ತಲುಪುವುದಿಲ್ಲ. ತಲುಪದಿದ್ದರೆ ಗೇಟಿನ ಮುಂದೆ ಮತ್ತೆ ಅದೇ ಗುಜರಿಯವನ ಬೈಕು. ನಾನು ಗಡಿಯಾರ ನೋಡುವುದು, ಸಾಹುಕಾರರು ನನ್ನನ್ನು ನೋಡುವುದು.

“ಏನಲೇ ನಿಂದು? ಮನ್ಯಾಗ ಮದುವಿ ಐತೇನು?”

“ನಾಳೆ ಗವಿನ್ನ ಬಿಡ್ತಾರ್ರಿ.”

“ಬಿಡಲಿ. ನಿಂಗೇನು? ಸಂಬಂಧ ಇಲ್ಲ ಅಂತಿದ್ದಿ.”

ಆಗ ಹೇಳಿದೆ. ಮುಂದಿನ ಗಾಡಿಯ ನಂಬರ್ ಪ್ಲೇಟು ನೋಡುತ್ತ ಎಲ್ಲವನ್ನೂ ಹೇಳಿದೆ. ನೀವು ಬೇಡ ಅನ್ನಲಿಲ್ಲ, ನಾನು ಅಂದೆ. ಅವನಿಗೆ ನಿಮ್ಮ ಹೆಸರು ಹೇಳಿದೆ. ಅದಕ್ಕೇ ಅವನು ನಿಮ್ಮ ಶೆಡ್ಡಿಗೆ ಬಂದ. ಸುಬ್ಬಾರಾವು ರೇಡಿಯೊದ ದನಿ ಕಡಿಮೆ ಮಾಡಿದ.

ಸಾಹುಕಾರರು ಬಾಳೆಹಣ್ಣಿನ ಸಿಪ್ಪೆಯನ್ನು ಮಡಚಿ, ಇನ್ನೊಮ್ಮೆ ಮಡಚಿ, ಕಾಗದದಲ್ಲಿ ಸುತ್ತಿದರು.

“ಹಂಗಾದ್ರ ನನ್ನ ಮೋಟಾರ್ ಒಯ್ದಾಂವ ನೀನ.”

“ಅವನೂ ಒಯ್ದಾನ್ರಿ. ನಾನೂ ಒಯ್ದೀನ್ರಿ.”

“ಆ ಯಂತ್ರದ ಅಕ್ಕಿ ಕಥಿ ಹೇಳಿ ನನ್ನ ಕರಗಸಾಕ ಬರಬ್ಯಾಡ ಮತ್ತ. ಅಕ್ಕಿ ಮಾತ ಬ್ಯಾರೆ. ಎರಡನೇ ಸಲ ಇಳದ್ರ ಅಕ್ಕಿ ನನ್ನ ಶೆಡ್ಡಿಗೆ ಕಳವಿಗೆ ಬರಂಗಿಲ್ಲ.”

“ನಾ ಅಕ್ಕಿ ಮಾತ ಎತ್ತಿಲ್ರಿ.”

“ಎತ್ತಾಂವ ಇದ್ದಿ.”

ಅವರು ಹೇಳಿದ್ದು ಸರಿ. ಎತ್ತುವವನಿದ್ದೆ.

ವಿಮಾನ ಸಿಕ್ಕಿತು. ಹೈದರಾಬಾದಿನವರೆಗೂ, ಅಲ್ಲಿಂದ ಕಾರಿನಲ್ಲಿ ಗಂಗಾವತಿಯವರೆಗೂ ಸಾಹುಕಾರರು ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಸ್ ನಿಲ್ದಾಣದ ಹತ್ತಿರ ನನ್ನನ್ನು ಇಳಿಸಿದಾಗ ಗಾಜು ಇಳಿಸಿ ಹೇಳಿದರು: “ಎರಡನೇ ಆಪರೇಟರ್ ಹೆಸರು ನಾಳೆ ಸಂಜಿಗೆ ಬೇಕು. ಯಾರರ ಇರಲಿ. ಕೊಕ್ಕಿ ಮಾತ್ರ ನಿಂದು. ಇನ್ನೊಂದು ಮೋಟಾರ್ ಹೋದ್ರ ನಿಮ್ಮಿಬ್ಬರನ್ನೂ ಒಂದ ಗೇಟಿನಿಂದ ಹೊರಗ ಹಾಕ್ತೀನಿ.”

ಕೊಪ್ಪಳ

ಜೈಲಿನ ಗೇಟಿನಲ್ಲಿ ನನ್ನ ಚೀಲ ಮುಟ್ಟಿ ನೋಡಿದ ಪೊಲೀಸಪ್ಪ, ಲೆಕ್ ಕೊಟ್ಟ ಕೊಕ್ಕೆ ಕೈಗೆ ತಾಗಿ, “ಇದೇನೋ ಮಾರಾಯ?” ಎಂದ. ಹೊರಗೆ ಇಡು ಎಂದು ಬೈದ. ನಾನು ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಚೀಲ ಹಿಡಿದು ಕೂತೆ. ಒಂದೇ ವಾರದಲ್ಲಿ ಎರಡು ಗೇಟಿನವರು ನನ್ನನ್ನು ತಡೆದಿದ್ದರು.

ಗವಿ ಹೊರಗೆ ಬಂದಾಗ ಹನ್ನೊಂದಾಗಿತ್ತು. ಕೂದಲು ನರೆತಿತ್ತು. ರಸ್ತೆಯ ಆ ಕಡೆ ಈ ಕಡೆ ನೋಡಿ, ನನ್ನನ್ನು ಕಂಡು ಅಲ್ಲೇ ನಿಂತ. ನಾನೇ ಹೋದೆ.

“ಅವ್ವ ತೀರಿಕೊಂಡ್ಳೇನು?” ಎಂದ.

“ಇಲ್ಲಲೇ. ಅರಾಮ ಅದಾಳ.”

“ಮತ್ತ ನೀ ಯಾಕ ಬಂದಿ?”

ಉತ್ತರಕ್ಕೆ ಮೊದಲು ಚಹಾ ಹೇಳಿದೆ. ಅವನು ಎರಡು ಗ್ಲಾಸು ಕುಡಿದ. ಆಮೇಲೆ ಸಾಹುಕಾರರಿಗೆ ಹೇಳಿದ್ದನ್ನೇ ಇವನಿಗೂ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ. ಆಗಲಿಲ್ಲ.

ಗವಿ ಖಾಲಿ ಗ್ಲಾಸಿನೊಳಗೆ ನೋಡುತ್ತ ಕೂತ. “ಒಳಗ ಕುಂತು ದಿನಾ ಆ ಸಾಹುಕಾರಗ ಶಾಪ ಹಾಕೀನಿ. ಮಕ್ಕಳು ಮರಿ ಸಮೇತ. ಈಗ ಅದನ್ನ ಹೆಂಗ ವಾಪಸ್ ತಗೊಳ್ಳಲಿ?”

“ನನಗ ಹಾಕು.”

“ನಿಂಗ ಬ್ಯಾರೆ ಹಾಕ್ತೀನಿ. ಅವಸರ ಮಾಡಬ್ಯಾಡ.”

ಅಷ್ಟರಲ್ಲಿ ಗುಜರಿ ಅಂಗಡಿಯವನ ಬೈಕು ಬಂದು ಗೇಟಿನ ಹತ್ತಿರ ನಿಂತಿತು. ಅವನು ಹೆಲ್ಮೆಟ್ ತೆಗೆದು, ನಮ್ಮನ್ನು ಕಂಡು ಕೈ ಎತ್ತಿದ. ಗವಿ ಅವನನ್ನು ನೋಡಿದ, ನನ್ನನ್ನು ನೋಡಿದ. ನಾನು ಕಾಗದ ಬಿಚ್ಚಿ ಕೊಕ್ಕೆಯನ್ನು ಬೆಂಚಿನ ಮೇಲೆ ಇಟ್ಟು, ಮಿಲ್ಲಿನ ಹೊಸ ಯಂತ್ರಕ್ಕೆ ಎರಡನೆಯವನಾಗಿ ನಿನ್ನ ಹೆಸರು ಕೊಡುತ್ತೇನೆ ಎಂದೆ. ಅವನು ಬಿದಿರಿನ ಹಿಡಿಯನ್ನು ತಿರುಗಿಸಿ ನೋಡಿದ.

“ಇದು ನಿಂದಲ್ಲ. ನಿನ್ನ ಕೊಕ್ಕಿ ಎಲ್ಲೈತಿ?”

“ವಿಮಾನದವರು ಕಸಗೊಂಡ್ರು.”

“ನಿನ್ನೂ ಹಿಡಿದ್ರೇನು?”

ಅವನು ನಕ್ಕ. ಬಹಳ ಹೊತ್ತಲ್ಲ. ಆದರೆ ಚಹಾದಂಗಡಿಯವನು ತಿರುಗಿ ನೋಡುವಷ್ಟು. ಕೊಕ್ಕೆಯನ್ನು ನನ್ನ ಕೈಗೇ ವಾಪಸ್ ಕೊಟ್ಟ. “ಇಲ್ಲಿ ಬ್ಯಾಡ. ಕಾಟಾ ಮುಂದ ಕೊಡು. ಗ್ಯಾಂಗಿನ ಮುಂದ. ಕೊಕ್ಕಿ ಕೊಡೂದಕ್ಕಿಂತ ಮೊದಲ ಈಗ ನನಗ ಹೇಳಿದಿಯಲ್ಲ, ಅದನ್ನೂ ಅಲ್ಲೇ ಹೇಳು. ಜೋರಾಗಿ.”

“ಹೇಳ್ತೀನಿ.”

“ನೋಡೂನು.”

ಬೈಕಿನವನಿಗೆ ಗವಿ ಹೋಗು ಎಂದು ಕೈ ಮಾಡಲಿಲ್ಲ, ಬಾ ಎಂದೂ ಮಾಡಲಿಲ್ಲ. ಎದ್ದು ಬಸ್ ನಿಲ್ದಾಣದ ಕಡೆ ನಡೆದ. ನಾನು ಹಿಂದೆ ನಡೆದೆ.

ಗಂಗಾವತಿಯ ಬಸ್ಸಿನಲ್ಲಿ ಅವನಿಗೆ ಕಿಟಕಿಯ ಸೀಟು ಸಿಕ್ಕಿತು. ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ನನ್ನ ಚೀಲವನ್ನು, ಪಾಸ್‌ಪೋರ್ಟು, ಉಳಿದ ದುಡ್ಡು, ಕೊಕ್ಕೆ ಎಲ್ಲ ಇದ್ದ ಹಾಗೆಯೇ ಅವನ ತೊಡೆಯ ಮೇಲಿಟ್ಟು ನೀರು ತರಲು ಇಳಿದೆ. ತಿರುಗಿ ನೋಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಸಲ ನೋಡಿದೆ. ಎರಡನೆಯ ಸಲ ನೋಡಿದಾಗ ಗವಿ ಆ ಚೀಲವನ್ನು ಕಿಟಕಿಯವರೆಗೆ ಎತ್ತಿ ಹಿಡಿದು ನನಗೆ ತೋರಿಸುತ್ತಿದ್ದ.